ಬರಿಗೈಯಲ್ಲಿ ಕೊಟ್ಟ ಉತ್ತರ

ಮೊದಲು ಸಂಗತಿಗಳು. ನಂಬುವುದು, ಬಿಡುವುದು ಆಮೇಲಿನ ಮಾತು.

ಒಂದು. ಬಿಕರ್ನಕಟ್ಟೆಯಿಂದ ಇಳಿಜಾರಿಗೆ ಇಳಿದರೆ ಸಿಗುವ ಹಂಚಿನ ಮನೆಯೊಂದರಲ್ಲಿ ಫಾದರ್ ಇನಾಸ್ ಹುಟ್ಟಿದರು. ಮಿಷನರಿಯಾಗಿ ಬರ್ಮಾಕ್ಕೆ ಹೋದರು, ಕುಷ್ಠರೋಗಿಗಳ ನಡುವೆ ಬದುಕಿದರು, ಅಲ್ಲಿಯೇ ಮಣ್ಣಾದರು.

ಎರಡು. ಅವರು ಹುಟ್ಟಿದ ರಾತ್ರಿಯೇ, ಅದೇ ಕೋಣೆಯಲ್ಲಿ, ಅವರ ತಾಯಿ ಎಸ್ತೆರ್ ಬಾಯಿ ತೀರಿಕೊಂಡರು. ಮಗು ಅಳುವುದು ಅವರಿಗೆ ಕೇಳಿಸಿತ್ತು. ಕೈಗೆ ಕೊಡುವಷ್ಟು ಹೊತ್ತು ಉಳಿಯಲಿಲ್ಲ.

ಮೂರು. ಆ ಮನೆಯನ್ನು ಒಂದು ಟ್ರಸ್ಟ್ ದುರಸ್ತಿ ಮಾಡಿಸಿ, ಸಾರ್ವಜನಿಕ ಪಾರಂಪರಿಕ ಕೇಂದ್ರವಾಗಿ ತೆರೆದಿದೆ. ಹೆರಿಗೆಯ ಕೋಣೆಗೆ ಯಾರಾದರೂ ಕಾಲಿಟ್ಟರೆ, ಗೋಡೆಯೊಳಗೆ ಅಡಗಿಸಿದ ಸ್ಪೀಕರಿನಿಂದ ಆಗಷ್ಟೇ ಹುಟ್ಟಿದ ಕೂಸಿನ ಅಳು ಕೇಳಿಸುತ್ತದೆ.

ನಾಲ್ಕು. ಆ ಅಳು ಎಲೇನ್ ಎಂಬ ಹೆಣ್ಣು ಮಗುವಿನದು. ಎಲೇನ್ ಬದುಕಿದ್ದಾಳೆ. ನಮ್ಮ ನೆರೆಯವರಾಗಿದ್ದ ಗ್ಲೆನ್ ಮತ್ತು ಏವ್ರಿಲ್ ದಂಪತಿಯ ಮಗಳು.

ಐದು. ಕೇಂದ್ರದ ಗೋಡೆಗಳ ಮೇಲಿರುವ ಕನ್ನಡ ಫಲಕಗಳನ್ನು ಬರೆದವಳು ನಾನು. ಎರಡನೆಯ ಸಂಗತಿಯನ್ನೂ ಬರೆದಿದ್ದೆ. ಟ್ರಸ್ಟಿನ ಕಾರ್ಯದರ್ಶಿ ಆ ಸಾಲನ್ನು ಹೊಡೆದು ಹಾಕಿದರು. ಹುಟ್ಟಿನ ಕೋಣೆಯಲ್ಲಿ ಸಾವಿನ ಮಾತು ಬೇಡ, ಬಂದವರು ಸಂತೋಷದಿಂದ ಹೊರಗೆ ಹೋಗಬೇಕು ಎಂದರು.

ಮುಂದಿನದರಲ್ಲಿ ಗ್ಲೆನ್ ಹೇಳಿದ್ದು ಯಾವುದು, ಏವ್ರಿಲ್ ಹೇಳಿದ್ದು ಯಾವುದು, ನಾನೇ ಕಂಡದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿಯೇ ಇಡುತ್ತೇನೆ. ಅವರ ಮನೆಯೊಳಗಿನ ಮಾತು ಕೊಂಕಣಿಯದು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಮನೆಯ ಆವರಣದ ಗೋಡೆಗೆ ತಾಗಿಯೇ ನಮ್ಮ ಮನೆ. ಗ್ಲೆನ್ ಕುವೈತಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ಊರಿಗೆ ಮರಳಿದವನು. ಟ್ರಸ್ಟ್ ಅವನನ್ನು ಕಾಮಗಾರಿಯ ಉಸ್ತುವಾರಿಗೆ ನೇಮಿಸಿ, ಮನೆಯ ಹಿಂದೆ ಪ್ರತ್ಯೇಕವಾಗಿದ್ದ ಹಳೆಯ ಅಡುಗೆಮನೆಯನ್ನೇ ವಾಸಕ್ಕೆ ಕೊಟ್ಟಿತ್ತು. ಬಸುರಿ ಹೆಂಡತಿ ಏವ್ರಿಲ್, ತಾಯಿ ಮಟಿಲ್ಡಾ ಬಾಯಿ, ಅವನು. ಮಟಿಲ್ಡಾ ಬಾಯಿಗೆ ಆ ಮನೆತನದೊಂದಿಗೆ ದೂರದ ನಂಟು ಇತ್ತು. ಮನೆಯ ಒಳಗುಟ್ಟು ಅವರಿಗೆ ಸ್ವಲ್ಪ ಗೊತ್ತಿತ್ತು, ಉಳಿದದ್ದನ್ನು ಸೇರಿಸಿಕೊಳ್ಳುವ ಅಭ್ಯಾಸವೂ ಇತ್ತು. ಹಾಗಾಗಿ ಅವರ ಮಾತನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ.

ದುರಸ್ತಿ ಚೆನ್ನಾಗಿಯೇ ನಡೆಯಿತು, ಒಪ್ಪುತ್ತೇನೆ. ಕುಸಿದ ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಸಲಿಲ್ಲ. ಸುಣ್ಣದ ಗಾರೆಗೆ ಬೆಲ್ಲ, ಅಳಲೆಕಾಯಿ ಹಾಕಿ ಕೊಳೆಸುವುದನ್ನು ತೋರಿಸಲು ಹೊರಗಿನಿಂದ ತಜ್ಞರು ಬಂದರು. ಹಂಚುಗಳನ್ನು ಒಂದೊಂದಾಗಿ ಇಳಿಸಿ, ತೊಳೆದು, ಮತ್ತೆ ಹೊದೆಸಿದರು. ಬಾವಿಯ ರಾಟೆಯನ್ನು ಕಳಚಿ ಎಣ್ಣೆ ಒರೆಸಿ ಗಾಜಿನ ಪೆಟ್ಟಿಗೆಯೊಳಗಿಟ್ಟರು. ಬಾವಿಗೆ ಕಬ್ಬಿಣದ ಜಾಲರಿ ಬಿಗಿದರು. ಹಿಂದಿನ ಬಚ್ಚಲು ಕೋಣೆ ಟಿಕೆಟ್ ಕೌಂಟರ್ ಆಯಿತು. ಗೋಡೆಯ ವಿಷಯದಲ್ಲಿ ತೋರಿದ ಇಷ್ಟು ಜಾಗ್ರತೆಯನ್ನು ಆ ಗೋಡೆಗಳ ನಡುವೆ ಸತ್ತವಳ ವಿಷಯದಲ್ಲಿ ತೋರಬೇಕೆಂದು ಒಬ್ಬರಿಗೂ ಅನಿಸಲಿಲ್ಲ.

ಅಳುವಿನ ಆಲೋಚನೆ ಕಾರ್ಯದರ್ಶಿಯವರದು. ಅದಕ್ಕೆ ಅವರು ಇಟ್ಟ ಹೆಸರು ‘ಅನುಭವ’. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಅಳುವಿನ ಹಿಂದೆ ಯಾವುದೋ ದೇಶದ ಆಸ್ಪತ್ರೆಯ ಯಂತ್ರ ಬೀಪ್ ಎನ್ನುತ್ತಿತ್ತು. ಅದು ಅವರಿಗೆ ಹಿಡಿಸಲಿಲ್ಲ. ಆ ವಾರವೇ ಏವ್ರಿಲ್‌ಗೆ ಹೆರಿಗೆಯಾಗಿತ್ತು. ಮಗಳ ಮೊದಲ ಅಳುವನ್ನು ಗ್ಲೆನ್ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಸಿಕ್ಕಿದವರಿಗೆಲ್ಲ ಕೇಳಿಸುತ್ತಿದ್ದ. ಕಾರ್ಯದರ್ಶಿಗೂ ಕೇಳಿಸಿದ. ಇದೇ ಆಗಲಿ ಎಂದರು ಅವರು.

ಏವ್ರಿಲ್ ಬೇಡವೆಂದಳು.

“ಅವಳ ಅಳು ಅವಳದ್ದು ಗ್ಲೆನ್. ನಿನಗೆ ಅದನ್ನು ಕೊಡ್ಲಿಕ್ಕೆ ಯಾರು ಹೇಳಿದ್ದು?”

ಗ್ಲೆನ್‌ಗೆ ಅದು ಆಶೀರ್ವಾದದಂತೆ ಕಂಡಿತ್ತು. ಫಾದರ್ ಇನಾಸ್ ಹುಟ್ಟಿದ ಕೋಣೆಯಲ್ಲಿ ತನ್ನ ಮಗಳ ದನಿ. ಇದಕ್ಕಿಂತ ದೊಡ್ಡ ಪುಣ್ಯ ಯಾವ ಮಗುವಿಗುಂಟು ಎಂದು ನನ್ನಲ್ಲಿಯೇ ಕೇಳಿದ್ದ. ಉದ್ಘಾಟನೆಯ ದಿನ ಗಣ್ಯರು ಒಳಗೆ ಕಾಲಿಟ್ಟೊಡನೆ ಅಳು ಕೇಳಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಏವ್ರಿಲ್ ತಟ್ಟಲಿಲ್ಲ.

ಆ ಸಂಜೆ ಮಟಿಲ್ಡಾ ಬಾಯಿ ಒಂದು ರೂಢಿಯ ಮಾತು ಹೇಳಿದರು. ನಾನೂ ಅವರ ಮನೆಯಲ್ಲಿಯೇ ಚಹಾ ಕುಡಿಯುತ್ತ ಕುಳಿತಿದ್ದೆ. ಎಸ್ತೆರ್ ಬಾಯಿ ಹೋದ ಮೇಲೆ ಆ ಮನೆಯಲ್ಲಿ ಒಂದು ಕ್ರಮ ಇತ್ತಂತೆ. ದೀಪ ಹಚ್ಚಿದ ನಂತರ ಕೂಸು ಅತ್ತರೆ ಅಳಲು ಬಿಡಬಾರದು. ಹತ್ತಿರ ಇದ್ದವರು ಎತ್ತಿಕೊಂಡು, ಗಟ್ಟಿಯಾಗಿ “ಹಾಂವ್ ಆಸಾಂ” ಎನ್ನಬೇಕು. ನಾನಿದ್ದೇನೆ ಎಂದು. ಉತ್ತರ ಸಿಗದ ಅಳುವಿಗೆ ಬೇರೆ ಯಾರೋ ಎದ್ದು ಬರುತ್ತಾರೆ. ಹೇಳುತ್ತಲೇ ಅವರು ಎಲೇನ್‌ಳನ್ನು ಎತ್ತಿ, ಎದೆಗೆ ಒತ್ತಿ, ಆ ಮಾತನ್ನು ಹೇಳಿ ತೋರಿಸಿದರು.

ಗ್ಲೆನ್ ನಕ್ಕ. “ಕುಲೆಗಳಿಗೂ ಕಸ್ಟಮರ್ ಕೇರ್ ಉಂಟಾ ಮಮ್ಮಿ?”

ಕುಲೆ ಎಂದರೆ ನಮ್ಮ ಕಡೆ ಸತ್ತವರು. ನಾವೆಲ್ಲ ನಕ್ಕೆವು. ಕೇಂದ್ರದೊಳಗೆ ಆ ಹೊತ್ತಿಗೆ ಇನ್ನೂ ಪ್ರವಾಸಿಗರಿದ್ದರು. ಸ್ಪೀಕರ್ ಅಳುತ್ತಲೇ ಇತ್ತು. ಅದಕ್ಕೆ ಉತ್ತರ ಕೊಡುವವರು ಯಾರೂ ಇರಲಿಲ್ಲ.

ಇನ್ನು ಗ್ಲೆನ್ ಹೇಳಿದ್ದು.

ಮುಂದಿನ ವಾರ ಅವನು ಯಾವುದೋ ಸ್ವಿಚ್ಚು ತರಲು ಹಂಪನಕಟ್ಟೆ ಪೇಟೆಗೆ ಹೋದವನು ತಡ ಮಾಡಿಕೊಂಡ. ಕೊನೆಯ ಬಸ್ಸಿನಲ್ಲಿ ಬಂದು ಬಿಕರ್ನಕಟ್ಟೆಯಲ್ಲಿ ಇಳಿದು ಇಳಿಜಾರಿನಲ್ಲಿ ನಡೆದ. ಗೇಟಿನ ಬೀಗ ತೆಗೆದ. ಮತ್ತೆ ಹಾಕಿದ. ಅಂಗಳದಲ್ಲಿ ದೀಪವಿರಲಿಲ್ಲ. ಬಾಗಿಲು ಮುಚ್ಚಿ ಹೊರಡುವಾಗ ಅವನೇ ಕೇಂದ್ರದ ಮೇನ್ ಸ್ವಿಚ್ ಇಳಿಸಿ ಹೋಗಿದ್ದ.

ಬಾವಿಯ ಪಕ್ಕ ಬಂದಾಗ ಸದ್ದು ಕೇಳಿಸಿತು.

ಕಿರ್ರ್... ಕಿರ್ರ್...

ಒಣಗಿದ ರಾಟೆ ತಿರುಗುವ ಸದ್ದು. ಹಗ್ಗ ಹಿಡಿತ ಬದಲಿಸುವಾಗಿನ ಒಂದು ಕ್ಷಣದ ಬಿಡುವು. ಮತ್ತೆ ಕಿರ್ರ್... ಕೊನೆಗೆ ಠಣ್. ತುಂಬಿದ ತಾಮ್ರದ ಕೊಡ ಕಲ್ಲಿಗೆ ತಾಗಿದ್ದು.

ಗ್ಲೆನ್ ಮೊಬೈಲಿನ ಬೆಳಕು ಹಿಡಿದ. ಜಾಲರಿ ಬಿಗಿದಂತೆಯೇ ಇತ್ತು. ರಾಟೆಯ ಕಂಬದಲ್ಲಿ ರಾಟೆ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ... ಅವನೇ ಕಳಚಿದ್ದು.

ಆಗ ಮನೆಯೊಳಗಿಂದ ಅಳು ಬಂತು.

ಬೆಕ್ಕು ಹೊಕ್ಕಿರಬೇಕು, ಸೆನ್ಸರ್ ಹಿಡಿದಿರಬೇಕು ಎಂದುಕೊಂಡ. ಕರೆಂಟಿಲ್ಲ ಎನ್ನುವುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಆ ಅಳು ಅವನಿಗೆ ಬಾಯಿಪಾಠ. ಮೂರು ಸಲ ಕೂಗು, ನಡುವೆ ನರ್ಸಿನ ಚಪ್ಪಲಿಯ ಕೀಚು, ಆಮೇಲೆ ಉದ್ದವಾದ ಒಂದು ಎಳೆತ, ಅಲ್ಲಿಗೆ ಮುಗಿಯಬೇಕು. ಮೂರು ಕೂಗು ಕೇಳಿಸಿತು. ಚಪ್ಪಲಿಯ ಕೀಚು ಕೇಳಿಸಿತು. ಎಳೆತವೂ ಕೇಳಿಸಿತು...

ಮುಗಿಯಲಿಲ್ಲ.

ಅಳು ಮುಂದುವರಿಯಿತು. ಅವನು ರೆಕಾರ್ಡ್ ಮಾಡದೇ ಇದ್ದ ಅಳು. ಬಿಕ್ಕಳಿಕೆ, ಉಸಿರು ಸಿಕ್ಕಿಕೊಳ್ಳುವುದು, ಮತ್ತೆ ಕೂಗು. ಆದರೆ ದನಿ ಎಲೇನ್‌ಳದೇ.

ಹಿಂಬಾಗಿಲಿನಿಂದ ಒಳಗೆ ಹೋದ. ಸ್ವಿಚ್‌ಬೋರ್ಡಿನ ಮೇಲೆ ಬೆಳಕು ಬಿಟ್ಟ. ಮೇನ್ ಸ್ವಿಚ್ ಕೆಳಗೇ ಇತ್ತು. ಅಳು ಮಾತ್ರ ನಿಂತಿರಲಿಲ್ಲ. ಹಿಂದೆ ಬಚ್ಚಲಾಗಿದ್ದ ಟಿಕೆಟ್ ಕೌಂಟರಿನ ಕಡೆಯಿಂದ ಹಸಿ ಸೌದೆ ಉರಿಯುವ ಚಟಚಟ, ಹಂಡೆಯ ನೀರು ಕುದಿಯುವ ಮುಂಚಿನ ಸುಂಯ್ ಎಂಬ ಸಣ್ಣ ಸದ್ದು. ಬೆಂಕಿಯ ಬೆಳಕು ಎಲ್ಲಿಯೂ ಇಲ್ಲ. ಆಮೇಲೆ ಹೆಜ್ಜೆ. ಒದ್ದೆ ಪಾದ ಹೊಸದಾಗಿ ಹಾಕಿದ ನೆಲದ ಮೇಲೆ ಅಂಟಿ, ಬಿಡುವ ಸದ್ದು.

ಚಪ್... ಚಪ್...

ಅವಸರವಿಲ್ಲದ ಹೆಜ್ಜೆ. ಮೊದಲು ಎಡದ ಕೋಣೆಗೆ. ಅಲ್ಲಿಂದ ಹೊರಗೆ. ಆಮೇಲೆ ಬಲದ ಕೋಣೆಗೆ. ಹುಡುಕುತ್ತಿರುವವರ ಹೆಜ್ಜೆ.

ಗ್ಲೆನ್ ಹೆರಿಗೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಅಳು. ಹಿಂದೆ ಹೆಜ್ಜೆ, ಹತ್ತಿರವಾಗುತ್ತಿರುವ ಹೆಜ್ಜೆ. ಹೆದರಿದವನ ಬಾಯಿಗೆ ಮನೆಯಲ್ಲಿ ಕೇಳಿದ ಮಾತೇ ಬರುವುದು. ತಾಯಿ ಹೇಳಿಕೊಟ್ಟದ್ದು ನೆನಪಾಯಿತು.

“ಹಾಂವ್ ಆಸಾಂ” ಎಂದ.

ಅಳು ನಿಂತಿತು. ಅರ್ಧ ಉಸಿರಿನಲ್ಲಿ, ಕತ್ತರಿಸಿದ ಹಾಗೆ.

ಹೆಜ್ಜೆಯೂ ನಿಂತಿತು.

ಎಷ್ಟು ಹೊತ್ತು ಹಾಗೆ ನಿಂತಿದ್ದನೋ ಅವನಿಗೆ ತಿಳಿಯದು. ಕತ್ತಿನ ಹಿಂದೆ ಬಿಸಿ ಹಬೆ ತಾಗಿತು. ಅರಿಸಿನ, ತೆಂಗಿನೆಣ್ಣೆಯ ವಾಸನೆ. ಕಿವಿಯ ಪಕ್ಕದಲ್ಲಿ, ಒಬ್ಬ ಹೆಂಗಸಿನ ಪಿಸುದನಿ. ಒಂದೇ ಅಕ್ಷರ.

“ದಿ...”

ಕೊಂಕಣಿಯಲ್ಲಿ ಹಾಗೆಂದರೆ, ಕೊಡು.

ಅವನ ಎರಡು ಕೈಗಳೂ ತಾವಾಗಿಯೇ ಮುಂದೆ ಚಾಚಿಕೊಂಡವು. ಕೈಯಲ್ಲಿ ಏನೂ ಇರಲಿಲ್ಲ. ಮೊಬೈಲು ಕೆಳಗೆ ಬಿದ್ದು ಬೆಳಕು ಆರಿತು.

“ದಿ.” ಈ ಸಲ ಸ್ವಲ್ಪ ಗಡುಸಾಗಿ.

ಗ್ಲೆನ್ ಓಡಿದ. ಓಡುವವನು ಎಲ್ಲಿಗೆ ಓಡುತ್ತಾನೆ? ಮನೆಗೆ. ಮಗು ಇರುವಲ್ಲಿಗೆ.

ಮುಂದಿನದು ಏವ್ರಿಲ್ ಹೇಳಿದ್ದು.

ಗ್ಲೆನ್ ಒಳಗೆ ಬಂದು ಅಗುಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತ. ದೀಪ ಹಾಕಬೇಡ ಎಂದ. ಮಗು ಎಲ್ಲಿ ಎಂದು ಕೇಳಿದ. ಇಲ್ಲೇ ಮಂಚದ ಮೇಲೆ ಮಲಗಿದ್ದಾಳೆ, ಎಂತ ಆಯ್ತು ಎಂದಳು ಅವಳು. ಪಕ್ಕದ ಕೋಣೆಯಿಂದ ಮಟಿಲ್ಡಾ ಬಾಯಿ ಜಪಸರ ಹಿಡಿದುಕೊಂಡು ಎದ್ದು ಬಂದರು. ಎಲ್ಲರೂ ಪಿಸುದನಿಯಲ್ಲಿಯೇ ಮಾತಾಡಿದರು. ಯಾಕೆ ಹಾಗೆ ಎಂದು ಏವ್ರಿಲ್‌ಗೆ ಈಗಲೂ ಗೊತ್ತಿಲ್ಲ.

“ಉತ್ತರ ಕೊಟ್ಟೆ ಮಮ್ಮಿ. ನೀವು ಹೇಳಿದ ಹಾಗೆಯೇ ಹೇಳಿದೆ.”

“ಕೈಯಲ್ಲಿ ಎಂತ ಇತ್ತು?”

“ಎಂತದ್ದೂ ಇಲ್ಲ.”

ಮಟಿಲ್ಡಾ ಬಾಯಿಯ ಜಪಸರದ ಮಣಿಗಳ ಸದ್ದು ನಿಂತಿತು.

“ಎತ್ತಿಕೊಂಡ ಮೇಲೆ ಹೇಳುವ ಮಾತು ಅದು, ಮಗಾ. ಕೂಸು ನನ್ನ ಕೈಯಲ್ಲುಂಟು, ನೀನು ಹೋಗಿ ಮಲಗು ಅಂತ. ನೀನು ಬರಿಗೈಯಲ್ಲಿ ಹೇಳಿದ್ದಾ?”

“ಹೂಂ” ಎಂದ ಗ್ಲೆನ್.

“ಹಾಗಾದರೆ ಕೂಸು ನಿನ್ನಲ್ಲುಂಟು ಅಂತ ಅವಳಿಗೆ ಗೊತ್ತಾಯ್ತು. ಕೊಡುವ ತನಕ ಕೇಳ್ತಾಳೆ.”

ಹೊರಗಿನ ಜಗಲಿಯ ಮೇಲೆ ಒದ್ದೆ ಹೆಜ್ಜೆ ಬಂದು ನಿಂತಿತು. ಬಾಗಿಲು ಬಡಿಯಲಿಲ್ಲ. ಹಂಚಿನ ಅಂಚಿನಿಂದ ನೀರು ತೊಟ್ಟಿಕ್ಕುವ ಹಾಗೆ ಟಪ್... ಟಪ್... ಎಂಬ ಸದ್ದಷ್ಟೇ. ಮಳೆಗಾಲ ಅಲ್ಲ ಅದು.

ಆಗ ಎಲೇನ್ ಎಚ್ಚರಗೊಂಡು ಅತ್ತಳು.

ಬಾಗಿಲ ಬಳಿಯಿದ್ದ ಏವ್ರಿಲ್ ಮಂಚಕ್ಕೆ ಧಾವಿಸಿದಳು. ನಾಲ್ಕು ಹೆಜ್ಜೆಯ ಕೋಣೆ. ಅವಳು ತಲುಪುವ ಮೊದಲೇ ಅಳು ನಿಂತಿತು. ಹಸಿವಿನಿಂದ ಅಳುವ ಕೂಸು ಸುಮ್ಮನೆ ನಿಲ್ಲಿಸುವುದಿಲ್ಲ. ಎತ್ತಿಕೊಂಡಾಗ ನಿಲ್ಲಿಸುತ್ತದೆ. ಅಂಥ ನಿಲ್ಲುವಿಕೆ. ಏವ್ರಿಲ್ ಕತ್ತಲಲ್ಲಿ ತಡವಿ ಮಗುವನ್ನು ಎಳೆದುಕೊಂಡಳು. ಎಳೆದುಕೊಂಡಳು ಎಂಬುದು ಅವಳದೇ ಮಾತು. ಮಂಚದ ಮೇಲಿನ ಮಗುವನ್ನು ಎತ್ತಿಕೊಳ್ಳುವುದಕ್ಕೆ ಅಷ್ಟು ಬಲ ಬೇಕಾಗಬಾರದಿತ್ತು. ಬೆಳಗಾಗುವ ತನಕ ಎದೆಗೆ ಒತ್ತಿಕೊಂಡು “ಹಾಂವ್ ಆಸಾಂ... ಹಾಂವ್ ಆಸಾಂ...” ಎನ್ನುತ್ತ ಕುಳಿತಳು.

ಈಗ ನಾನು ಕಂಡದ್ದು, ಕೇಳಿದ್ದು.

ನನ್ನಪ್ಪ ಧಕ್ಕೆಯಲ್ಲಿ, ಎಂದರೆ ದೋಣಿಗಳು ಬಂದು ನಿಲ್ಲುವಲ್ಲಿ, ಮೀನಿನ ವ್ಯಾಪಾರ ಮಾಡುವವರು. ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾರೆ. ಆ ದಿನ ಹೊರಡುವಾಗ, ಪಕ್ಕದವರು ಇಷ್ಟು ಹೊತ್ತಿಗೇ ಬಾವಿಯಿಂದ ನೀರು ಸೇದ್ತಾ ಇದ್ದಾರಲ್ಲ, ನಳ್ಳಿಯಲ್ಲಿ ನೀರಿಲ್ಲವಾ ಎಂದು ನನ್ನನ್ನು ಕೇಳಿ ಹೋದರು. ಅವರಿಗೆ ಆಗ ಏನೂ ತಿಳಿದಿರಲಿಲ್ಲ. ಬೆಳಿಗ್ಗೆ ಗ್ಲೆನ್ ನನ್ನನ್ನು ಕರೆದ. ಏವ್ರಿಲ್ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ತಲೆ ಮುಟ್ಟಿ ನೋಡು ಎಂದಷ್ಟೇ ಹೇಳಿದಳು. ಮುಟ್ಟಿದೆ. ಕೂದಲು ಒದ್ದೆಯಾಗಿತ್ತು, ಬೆಚ್ಚಗಿತ್ತು. ಕಿವಿಯ ಮಡಿಕೆಯಲ್ಲಿ ಅರಿಸಿನ ಉಳಿದಿತ್ತು. ಕಂಕುಳಲ್ಲಿ ಎಣ್ಣೆಯ ಜಿಡ್ಡು. ಬಾಣಂತನ ಬಲ್ಲ ಕೈಯೊಂದು ಚೊಕ್ಕವಾಗಿ ಮೀಯಿಸಿದ ಮಗು.

“ಹಿಂದಿನ ದಿನ ಶೀತ ಇತ್ತು ಅಂತ ನಾನು ಮೀಯಿಸಿರಲಿಲ್ಲ ಅಕ್ಷಿತಾ” ಎಂದಳು ಏವ್ರಿಲ್.

ನಾವು ಕಾರ್ಯದರ್ಶಿಯ ಬಳಿಗೆ ಹೋದೆವು. ಆ ಅಳುವನ್ನು ತೆಗೆಯಿರಿ ಎಂದು ಕೇಳಿದೆವು. ಅಷ್ಟೇ, ಬೇರೆ ಏನೂ ಕೇಳಲಿಲ್ಲ. ಅವರು ನಗುತ್ತ ಕೇಳಿಸಿಕೊಂಡರು. ಕೇಂದ್ರದಲ್ಲಿ ಜನರಿಗೆ ಅತಿ ಹೆಚ್ಚು ಇಷ್ಟವಾದದ್ದೇ ಆ ಅಳು, ಹೆಂಗಸರು ಕಣ್ಣೊರೆಸಿಕೊಂಡು ಹೊರಬರುತ್ತಾರೆ, ಅದನ್ನು ತೆಗೆದರೆ ಉಳಿಯುವುದು ಖಾಲಿ ಕೋಣೆ ಎಂದರು. ಗ್ಲೆನ್ ರಾತ್ರಿ ಹಂಪನಕಟ್ಟೆಯಲ್ಲಿ ಎಲ್ಲಿ ಕುಳಿತಿದ್ದ ಎಂದು ವಿಚಾರಿಸಿದರು. ಗ್ಲೆನ್ ಕುಡಿಯುವುದಿಲ್ಲ. ಇದು ಅವರಿಗೂ ಗೊತ್ತಿತ್ತು. ಅವನು ಆ ಸಂಜೆಯೇ ಯಂತ್ರದಿಂದ ಅಳುವನ್ನು ಅಳಿಸಿದ. ಕಾರ್ಯದರ್ಶಿಯ ಬಳಿ ಇನ್ನೊಂದು ಪ್ರತಿ ಇತ್ತು. ಮರುದಿನ ಅಳು ಮರಳಿತು, ಗ್ಲೆನ್‌ನ ಕೆಲಸ ಹೋಯಿತು.

ಗ್ಲೆನ್‌ನ ಮನೆಯವರು ಕೊಡಿಯಾಲ್‌ಬೈಲಿನ ಒಂದು ಫ್ಲ್ಯಾಟಿಗೆ ಹೋದರು. ಕೆಳಗೆ ಹಗಲಿರುಳು ವಾಹನಗಳ ಗದ್ದಲ. ಆ ಗದ್ದಲಕ್ಕಾಗಿಯೇ ಆ ಮನೆ ಹಿಡಿದದ್ದು ಎಂದ ಗ್ಲೆನ್.

ಅಲ್ಲಿ ಹೆಜ್ಜೆ ಕೇಳಿಸಲಿಲ್ಲ. ವಾಸನೆ ಬರಲಿಲ್ಲ. ಮಗು ದುಂಡಗೆ ಬೆಳೆಯಿತು, ಕಾಯಿಲೆ ಕಸಾಲೆ ಇಲ್ಲ. ರಾತ್ರಿ ಒಂದೇ ಸಲ ಅಳುತ್ತದೆ, ತಕ್ಷಣ ಸುಮ್ಮನಾಗುತ್ತದೆ. ಪಕ್ಕದ ಫ್ಲ್ಯಾಟಿನ ಆಯಿಶಾ ಎಂಬವರಿಗೂ ಸಣ್ಣ ಮಗು ಉಂಟು, ಅದು ರಾತ್ರಿಯಿಡೀ ರಂಪ. ಅವರು ಏವ್ರಿಲ್‌ಗೆ ಹೇಳುವುದುಂಟು, “ಎಂತ ಪುಣ್ಯ ಮಾರಾಯ್ತಿ ನಿನ್ನದು, ನಿನ್ನ ಮಗುವನ್ನು ನನಗೆ ಕೊಡು.” ತಮಾಷೆಗೆ. ಮೊದಲ ಸಲ ಆ ಮಾತು ಕೇಳಿದ ದಿನ ಏವ್ರಿಲ್ ಊಟ ಮಾಡಲಿಲ್ಲ.

ಅವಳು ಈಗ ಮಲಗುವುದು ಕುಳಿತುಕೊಂಡೇ. ದುಪಟ್ಟಾದ ಒಂದು ತುದಿ ತನ್ನ ಮಣಿಕಟ್ಟಿಗೆ, ಇನ್ನೊಂದು ಮಗುವಿನ ಸೊಂಟಕ್ಕೆ. ಒಮ್ಮೆ ನನ್ನಲ್ಲಿ ಹೇಳಿದಳು, ತೀರಾ ಸಣ್ಣ ದನಿಯಲ್ಲಿ:

“ಅವಳು ಅಳು ನಿಲ್ಲಿಸುವುದು ನನ್ನ ಕೈಗೆ ಬಂದ ಮೇಲೆ ಅಲ್ಲ ಅಕ್ಷಿತಾ. ಅದಕ್ಕಿಂತ ಮೊದಲು. ಒಂದು ಸಲವಾದರೂ ನಾನು ಮೊದಲು ಎತ್ತಬೇಕು. ಒಂದೇ ಸಲ.”

ಕಳೆದ ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಎಲೇನ್ ಈಗ ನಡೆಯುತ್ತಾಳೆ. ಕಿಟಕಿಗಳೆಲ್ಲ ತೆರೆದಿದ್ದವು, ಕೋಣೆಯ ತುಂಬ ಬಿಸಿಲು. ಕೆಳಗೆ ಯಾವುದೋ ಬಸ್ಸು ಬಿಡದೆ ಹಾರ್ನ್ ಹಾಕುತ್ತಿತ್ತು. ಮಗು ಓಡಲು ಹೋಗಿ ಟೀಪಾಯಿಗೆ ಗಲ್ಲ ತಾಗಿಸಿಕೊಂಡು ಬಿತ್ತು. ತುಟಿಯಲ್ಲಿ ರಕ್ತ. ಜೋರಾಗಿ ಅತ್ತಿತು.

ಏವ್ರಿಲ್ ಅದರ ಎದುರಿಗೇ ಇದ್ದಳು. ಮಂಡಿಯೂರಿ ಎರಡೂ ತೋಳು ಚಾಚಿದಳು. ಕರೆದಳು.

ಮಗು ಎದ್ದಿತು. ತಾಯಿಯ ಚಾಚಿದ ಕೈಯನ್ನು ತಪ್ಪಿಸಿಕೊಂಡು ಪಕ್ಕದಿಂದ ದಾಟಿ ಹೋಯಿತು. ಫ್ರಿಜ್ಜಿನ ಪಕ್ಕ ಒಂದು ಖಾಲಿ ಮೂಲೆಯಿದೆ. ಅಲ್ಲಿ ನಿಂತು ಎರಡು ಕೈಗಳನ್ನೂ ಮೇಲಕ್ಕೆತ್ತಿತು. ಅಳು ನಿಂತಿತು. ತಲೆ ಒಂದು ಕಡೆಗೆ ವಾಲಿತು... ಅದರ ಕೆನ್ನೆ ಚಪ್ಪಟೆಯಾಯಿತು. ಹೆಗಲಿಗೆ ಒರಗಿದ ಕೆನ್ನೆ ಆಗುವ ಹಾಗೆ. ಪಾದಗಳು ನೆಲದ ಮೇಲೆಯೇ ಇದ್ದವು. ಏವ್ರಿಲ್ ತೋಳುಗಳನ್ನು ಇಳಿಸಲಿಲ್ಲ. ಬಹಳ ಹೊತ್ತು ಹಾಗೆಯೇ ಚಾಚಿಕೊಂಡಿದ್ದಳು.

ಇದನ್ನು ನಾನು ಕಂಡೆ. ಹಗಲಿನಲ್ಲಿ, ಮೂರು ಮಾರು ದೂರದಿಂದ, ಸ್ವಸ್ಥ ಕಣ್ಣುಗಳಿಂದ. ನಡೆದದ್ದು ಹೀಗೆಯೇ, ಇದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಕೇಂದ್ರ ಇಂದಿಗೂ ತೆರೆದಿದೆ. ಹಸುಗೂಸುಗಳನ್ನು ಕರೆತಂದು ಆ ಕೋಣೆಯಲ್ಲಿ ಅಳಿಸಿ, ದನಿ ಹಿಡಿದಿಡಲು ತಾಯಂದಿರಿಗೆ ಈಗ ಆಹ್ವಾನ ಕೊಡುತ್ತಿದ್ದಾರೆ. ನಾನು ಬರೆದ ಫಲಕಗಳ ಪಕ್ಕದಲ್ಲಿಯೇ ಆ ಪ್ರಕಟಣೆ ಅಂಟಿಸಿದ್ದಾರೆ. ನೀವು ನನ್ನನ್ನು ನಂಬಬೇಕಾಗಿಲ್ಲ. ಆದರೆ ಕೂಸಿರುವ ಒಂದು ಮನೆಯಾದರೂ ನಿಮಗೆ ಗೊತ್ತಿರುತ್ತದೆ. ಇದನ್ನು ಅವರಿಗೆ ದಾಟಿಸಿ. ಇವತ್ತೇ.